ತಪ್ಪು ತೋರಿಸಿ ಮರಳಿ ಬಂದ ಅರ್ಜಿಯಲ್ಲಿ ಉತ್ತರಗಳು ತಾವೇ ಬದಲಾಗುವುದೇಕೆ?

ಪ್ರಶ್ನೆ: ನಮ್ಮ ಸಣ್ಣ ಶಿಕ್ಷಣ ಟ್ರಸ್ಟ್ ಕಾಲೇಜು ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡುತ್ತದೆ. ಆನ್‌ಲೈನ್ ಅರ್ಜಿಯ ಪಿಎಚ್‌ಪಿ ಸ್ಕ್ರಿಪ್ಟ್ (ಸರ್ವರ್‌ನಲ್ಲಿ ಓಡುವ ಪ್ರೋಗ್ರಾಮ್) ಬರೆದವರು ಬೇರೆ ಊರಿಗೆ ಹೋದ ಮೇಲೆ ಅದನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಸರ್ವರ್‌ನಲ್ಲಿ ಪಿಎಚ್‌ಪಿ 7.4 ಇದೆ. ಮೊದಲೆಲ್ಲ ಒಂದು ಫೀಲ್ಡ್ ತಪ್ಪಾದರೂ ಇಡೀ ಅರ್ಜಿ ಖಾಲಿಯಾಗಿ ಮರಳುತ್ತಿತ್ತು. ವಿದ್ಯಾರ್ಥಿಗಳು ದೂರಿದ ಮೇಲೆ, ತುಂಬಿದ್ದನ್ನು ಉಳಿಸಿಕೊಳ್ಳುವ ಹಾಗೆ ಸ್ಕ್ರಿಪ್ಟನ್ನು ತಿದ್ದಿದೆ. ಈಗ ಬೇರೆಯೇ ತೊಂದರೆಗಳು ಶುರುವಾಗಿವೆ. ಒಡಹುಟ್ಟಿದವರ ಸಂಖ್ಯೆ 0 ಎಂದು ಬರೆದರೆ ನಾವು ಮೊದಲೇ ತುಂಬಿಟ್ಟ ಮೌಲ್ಯ, ಅಂದರೆ ಡಿಫಾಲ್ಟ್ ಆದ 1 ಮರಳಿ ಬರುತ್ತದೆ. 'ನನ್ನ ವಿವರಗಳನ್ನು ದಾನಿಗಳೊಂದಿಗೆ ಹಂಚಿಕೊಳ್ಳಲು ಒಪ್ಪಿದ್ದೇನೆ' ಎಂಬ ಚೆಕ್‌ಬಾಕ್ಸ್‌ನ ಗುರುತನ್ನು ತೆಗೆದು ಕಳುಹಿಸಿದರೂ ಅದು ಗುರುತಿನೊಂದಿಗೇ ಹಿಂದಿರುಗುತ್ತದೆ. ನವೀಕರಣದ ಅರ್ಜಿ ತೆರೆದ ಕೆಲವು ಹಳೆಯ ವಿದ್ಯಾರ್ಥಿಗಳ ಜಿಲ್ಲೆ ಉಡುಪಿ ಎಂದಾಗಿದೆ; ಅವರು ವಿಜಯಪುರದವರು. ಕನ್ನಡದಲ್ಲಿ ಬರೆದ ಉದ್ದನೆಯ ವಿಳಾಸ ಕೆಲವೊಮ್ಮೆ ಪೂರ್ತಿ ಮಾಯವಾಗುತ್ತದೆ. 'ರೀಸೆಟ್' ಒತ್ತಿದರೆ ಏನೂ ಖಾಲಿಯಾಗುವುದಿಲ್ಲ. ಇದೆಲ್ಲ ಕ್ಯಾಶ್‌ನ (ಪುಟದ ಹಳೆಯ ಪ್ರತಿಯನ್ನು ಉಳಿಸಿಟ್ಟುಕೊಳ್ಳುವ ವ್ಯವಸ್ಥೆಯ) ತೊಂದರೆ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಎಲ್ಲವನ್ನೂ ಸೆಷನ್‌ನಲ್ಲೋ (ಸರ್ವರ್‌ನ ತಾತ್ಕಾಲಿಕ ನೆನಪು) ಲೋಕಲ್ ಸ್ಟೋರೇಜ್‌ನಲ್ಲೋ (ಬ್ರೌಸರ್ ತನ್ನಲ್ಲೇ ಉಳಿಸಿಡುವ ಜಾಗ) ಇಟ್ಟರೆ ಸರಿಹೋಗುತ್ತದೆ ಎಂಬುದು ಇನ್ನೊಬ್ಬರ ಸಲಹೆ. ಯಾರ ಮಾತು ಕೇಳಲಿ? ಈಗಾಗಲೇ ತಪ್ಪಾಗಿ ಸೇರಿರುವ ದಾಖಲೆಗಳನ್ನು ಏನು ಮಾಡಲಿ?
— ಓರ್ವ ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಆತಂಕ ಸರಿಯಾಗಿಯೇ ಇದೆ. ಖಾಲಿಯಾಗಿ ಮರಳುವ ಅರ್ಜಿಯಿಂದ ವಿದ್ಯಾರ್ಥಿಗೆ ಬೇಸರವಾಗುತ್ತದೆ, ಅಷ್ಟೇ. ಅವರು ಬರೆದದ್ದನ್ನು ಸದ್ದಿಲ್ಲದೆ ಬದಲಿಸಿ ಮರಳಿಸುವ ಅರ್ಜಿಯಾದರೋ ಅವರ ಹೆಸರಿನಲ್ಲಿ ಅವರು ಕೊಡದ ಉತ್ತರವನ್ನು ದಾಖಲಿಸುತ್ತದೆ. ಒಪ್ಪಿಗೆಯ ಚೆಕ್‌ಬಾಕ್ಸ್‌ನ ವಿಷಯದಲ್ಲಂತೂ ಇದನ್ನು ಸಣ್ಣ ದೋಷವೆಂದು ಬಿಡುವಂತಿಲ್ಲ. ಸಮಾಧಾನದ ಸಂಗತಿಯೆಂದರೆ, ನೀವು ಬರೆದಿರುವ ತೊಂದರೆಗಳಲ್ಲಿ ಹೆಚ್ಚಿನವುಗಳ ಮೂಲ ಒಂದೇ: 'ಇನ್ನೂ ಕೇಳಿಯೇ ಇಲ್ಲ' ಎಂಬ ಸ್ಥಿತಿಯನ್ನೂ 'ಕೇಳಿದೆವು, ಇಲ್ಲ ಎಂದರು' ಎಂಬ ಸ್ಥಿತಿಯನ್ನೂ ನಿಮ್ಮ ಸ್ಕ್ರಿಪ್ಟ್ ಒಂದೇ ಎಂದು ಎಣಿಸುತ್ತಿದೆ.

ಮೊದಲು ಕ್ಯಾಶ್‌ನ ಮಾತು. ನೀವು ವಿವರಿಸಿದ ಯಾವ ತೊಂದರೆಗೂ ಸರ್ವರ್‌ನ ಕ್ಯಾಶ್ ಕಾರಣವಲ್ಲ. ಅರ್ಜಿಯನ್ನು ಬ್ರೌಸರ್ ಕಳುಹಿಸುತ್ತದೆ, ಸರ್ವರ್ ನೋಡುತ್ತದೆ, ತಪ್ಪಿದ್ದರೆ ಅದೇ ಅರ್ಜಿಯನ್ನು ಹಿಂದಿರುಗಿಸುತ್ತದೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ನಡೆಯುವುದು ಹಾಗಲ್ಲ. ಬ್ಯಾಂಕಿನಲ್ಲಿ ತಪ್ಪು ತುಂಬಿದ ಚಲನನ್ನು ಪಕ್ಕಕ್ಕಿಟ್ಟ ಗುಮಾಸ್ತರು ಹೊಸ ಚಲನ್ ತೆಗೆದು, ಹಳೆಯದನ್ನು ನೋಡಿಕೊಂಡು ತಾವೇ ನಕಲು ಮಾಡಿ ನಿಮ್ಮ ಕೈಗಿತ್ತರೆ ಹೇಗೋ, ಸ್ಕ್ರಿಪ್ಟ್ ಮಾಡುವ ಕೆಲಸ ಹಾಗೆ. ಬ್ರೌಸರ್ ಮತ್ತು ಸರ್ವರ್ ಮಾತಾಡುವ ವಿಧಾನವಾದ ಎಚ್‌ಟಿಟಿಪಿಗೆ ಹಿಂದಿನ ವಿನಂತಿಯ ನೆನಪಿರುವುದಿಲ್ಲ. ತಪ್ಪಿನ ಸಂದೇಶದೊಂದಿಗೆ ಕಾಣುವ ಪುಟ ಪೂರ್ತಿ ಹೊಸದು. ಅದರ ಪ್ರತಿ ಫೀಲ್ಡ್‌ನಲ್ಲಿ ಏನಿರಬೇಕೆಂದು ಸ್ಕ್ರಿಪ್ಟ್ ಆ ಕ್ಷಣದಲ್ಲಿ ತೀರ್ಮಾನಿಸಿ ಬರೆದಿರುತ್ತದೆ. ನಿಮ್ಮಲ್ಲಿ ದಾರಿ ತಪ್ಪುತ್ತಿರುವುದು ಈ ತೀರ್ಮಾನವೇ.

ಒಂದು ಫೀಲ್ಡ್‌ಗೆ ಮೌಲ್ಯ ಬರಬಹುದಾದ ಮೂಲಗಳು ಮೂರು. ಅರ್ಜಿ ರೂಪಿಸಿದ ನೀವು ಮೊದಲೇ ಇಟ್ಟಿರುವ ಡಿಫಾಲ್ಟ್ ಒಂದು. ಡೇಟಾಬೇಸ್‌ನಲ್ಲಿರುವ ಹಳೆಯ ದಾಖಲೆ ಇನ್ನೊಂದು. ವಿದ್ಯಾರ್ಥಿ ಈಗಷ್ಟೇ ಕಳುಹಿಸಿದ ಉತ್ತರ ಮತ್ತೊಂದು. ಹೊಸಬರು ಪುಟವನ್ನು ಮೊದಲ ಬಾರಿ ತೆರೆದಾಗ ಡಿಫಾಲ್ಟ್ ಮಾತ್ರ ಇರುತ್ತದೆ. ನವೀಕರಣಕ್ಕೆ ಬಂದವರಿಗೆ ದಾಖಲೆಯ ಮೌಲ್ಯವೇ ಕಾಣಬೇಕು, ಅಲ್ಲಿ ಡಿಫಾಲ್ಟ್‌ಗೆ ಕೆಲಸವಿಲ್ಲ. ಅರ್ಜಿಯನ್ನು ಒಮ್ಮೆ ಕಳುಹಿಸಿದ ಮೇಲಾದರೆ ವಿದ್ಯಾರ್ಥಿಯ ಉತ್ತರವೊಂದೇ ಅಧಿಕೃತ. ಅದು ಖಾಲಿಯಿದ್ದರೂ ಸೊನ್ನೆಯಾಗಿದ್ದರೂ ಡಿಫಾಲ್ಟ್ ಆಗಲಿ ಹಳೆಯ ದಾಖಲೆಯಾಗಲಿ ನಡುವೆ ಬರಬಾರದು. ಆದ್ದರಿಂದ ಸ್ಕ್ರಿಪ್ಟ್ ಮೊದಲು ಕೇಳಿಕೊಳ್ಳಬೇಕಾದದ್ದು ಈಗ ಬಂದಿರುವುದು ಬರೀ ಪುಟ ತೆರೆಯುವ ಗೆಟ್ ವಿನಂತಿಯೋ, ಅರ್ಜಿ ಸಲ್ಲಿಸುವ ಪೋಸ್ಟ್ ವಿನಂತಿಯೋ ಎಂದು. ಫೀಲ್ಡ್ ಖಾಲಿಯಿದೆಯೇ ಎಂದು ನೋಡಿ ಮೂಲವನ್ನು ಆರಿಸುವ ಸ್ಕ್ರಿಪ್ಟ್ ಇವತ್ತಲ್ಲ ನಾಳೆ ತಪ್ಪು ಮಾಡಿಯೇ ತೀರುತ್ತದೆ.

ಇದು ಹೊಸ ಸಮಸ್ಯೆಯಲ್ಲ. ವೆಬ್ ಇನ್ನೂ ಎಳೆಯದಾಗಿದ್ದ 1990ರ ದಶಕದಲ್ಲಿ ಲಿಂಕನ್ ಸ್ಟೈನ್ ಪರ್ಲ್ ಭಾಷೆಗಾಗಿ ಬರೆದ, ವೆಬ್ ಅರ್ಜಿಗಳನ್ನು ನಿಭಾಯಿಸುವ ಸಿಜಿಐ ಮಾಡ್ಯೂಲ್, ತುಂಬಿದ ಮೌಲ್ಯ ಉಳಿದುಕೊಳ್ಳುವುದನ್ನೇ ಸಹಜ ನಡವಳಿಕೆಯಾಗಿ ಇಟ್ಟುಕೊಂಡಿತ್ತು. ಅಂಥ ಫೀಲ್ಡ್‌ಗಳಿಗೆ 'ಸ್ಟಿಕಿ', ಅಂದರೆ ಅಂಟಿಕೊಳ್ಳುವ ಫೀಲ್ಡ್‌ಗಳು ಎಂದೇ ಹೆಸರು. ಅದರಲ್ಲಿ ಪ್ರೋಗ್ರಾಮರ್ ಕೊಟ್ಟ ಡಿಫಾಲ್ಟ್ ಮೊದಲ ಬಾರಿಗೆ ಮಾತ್ರ ಅನ್ವಯವಾಗುತ್ತಿತ್ತು; ಅದೇ ಹೆಸರಿನ ಮೌಲ್ಯ ವಿನಂತಿಯೊಂದಿಗೆ ಬಂದಿದ್ದರೆ ಡಿಫಾಲ್ಟನ್ನು ಬದಿಗಿಡಲಾಗುತ್ತಿತ್ತು. 'ನಾನು ಕೊಟ್ಟ ಮೌಲ್ಯ ಪುಟದಲ್ಲಿ ಕಾಣುತ್ತಲೇ ಇಲ್ಲ' ಎಂದು ಆ ಕಾಲದ ಪರ್ಲ್ ಕಲಿಯುವವರು ಗೊಂದಲಕ್ಕೊಳಗಾಗಲು ಇದೇ ಕಾರಣ. ಅಂಥವರಿಗಾಗಿ 'ಓವರ್‌ರೈಡ್' ಎಂಬ ಆಯ್ಕೆಯೂ ಇಡೀ ವರ್ತನೆಯನ್ನು ನಿಲ್ಲಿಸುವ 'ನೋಸ್ಟಿಕಿ' ಎಂಬ ಸೂಚನೆಯೂ ಇದ್ದವು. ಆ ಮಾಡ್ಯೂಲನ್ನು 2015ರ ಪರ್ಲ್ 5.22ರಲ್ಲಿ ಭಾಷೆಯ ಮೂಲ ವಿತರಣೆಯಿಂದ ಕೈಬಿಟ್ಟರು. ಪಿಎಚ್‌ಪಿಯಲ್ಲಿ ಹೀಗೆ ತಾನಾಗಿ ಅಂಟಿಸುವ ಏರ್ಪಾಡು ಇಲ್ಲ, ಬರೆಯುವವರೇ ಅಂಟಿಸಬೇಕು. ನೀವು ಮಾಡಹೊರಟದ್ದೂ ಅದನ್ನೇ.

ಈಗ ಸೊನ್ನೆಯ ವಿಷಯಕ್ಕೆ ಬರೋಣ. ನಿಮ್ಮ ಸ್ಕ್ರಿಪ್ಟ್‌ನಲ್ಲಿ ಆ ಫೀಲ್ಡನ್ನು 'ಎಂಪ್ಟಿ' ಎಂಬ ಫಂಕ್ಷನ್‌ನಿಂದ ಪರೀಕ್ಷಿಸಿ, ಖಾಲಿಯಿದ್ದರೆ 1 ಬರೆಯುವಂತೆ ಮಾಡಿರಬೇಕು ಎಂಬುದು ನನ್ನ ಊಹೆ, ಏಕೆಂದರೆ ಈ ಲಕ್ಷಣಕ್ಕೆ ತೀರ ಸಾಮಾನ್ಯವಾದ ಕಾರಣ ಅದೇ. ಫಾರ್ಮ್‌ನಿಂದ ಬರುವ ಎಲ್ಲ ಮೌಲ್ಯಗಳೂ, ಅಂಕಿಗಳಾಗಿದ್ದರೂ, ಅಕ್ಷರಮಾಲೆಗಳು, ಅಂದರೆ ಅಕ್ಷರಗಳ ಸಾಲುಗಳು (ಸ್ಟ್ರಿಂಗ್). ಪಿಎಚ್‌ಪಿಯ 'ಎಂಪ್ಟಿ' ಖಾಲಿ ಅಕ್ಷರಮಾಲೆಯ ಜೊತೆಗೆ 0 ಎಂಬ ಒಂದೇ ಅಂಕಿಯಿರುವ ಅಕ್ಷರಮಾಲೆಯನ್ನೂ ಖಾಲಿಯೆಂದೇ ಲೆಕ್ಕಹಾಕುತ್ತದೆ. ಒಬ್ಬನೇ ಮಗ, ಒಬ್ಬಳೇ ಮಗಳು ಎಂದು ಬರೆದವರಿಗೆಲ್ಲ ನಿಮ್ಮ ಅರ್ಜಿ ಒಬ್ಬ ಒಡಹುಟ್ಟಿದವರನ್ನು ಸೇರಿಸುತ್ತಿದೆ. ಅಲ್ಲಿ ಬಳಸಬೇಕಾದದ್ದು ಎರಡು ಪ್ರಶ್ನಾರ್ಥಕ ಚಿಹ್ನೆಗಳನ್ನು ಜೋಡಿಸಿ ಬರೆಯುವ ಆಪರೇಟರ್. 2015ರ ಪಿಎಚ್‌ಪಿ 7.0ರಲ್ಲಿ ಬಂದ ಇದು ಮೌಲ್ಯ ಬಂದೇ ಇಲ್ಲದಿದ್ದಾಗ ಮಾತ್ರ ಡಿಫಾಲ್ಟ್‌ಗೆ ಹೋಗುತ್ತದೆ. ಸೊನ್ನೆಯನ್ನೂ ಖಾಲಿ ಉತ್ತರವನ್ನೂ ಇದ್ದಂತೆಯೇ ಉಳಿಸುತ್ತದೆ. ಪರ್ಲ್‌ಗೆ ಇದೇ ಕೆಲಸದ ಆಪರೇಟರ್ 2007ರ 5.10ರ ಆವೃತ್ತಿಯಲ್ಲಿ ಬಂದಿತು, ಜಾವಾಸ್ಕ್ರಿಪ್ಟ್‌ಗೆ ಅದರ ಪ್ರಮಾಣಿತ ರೂಪವಾದ ಎಕ್ಮಾಸ್ಕ್ರಿಪ್ಟ್ 2020ರಲ್ಲಿ. 'ಇಲ್ಲ' ಮತ್ತು 'ಸೊನ್ನೆ' ಬೇರೆ ಬೇರೆ ಎಂದು ಹೇಳಲು ಮೂರು ಭಾಷೆಗಳೂ ಹೊಸ ಚಿಹ್ನೆಯನ್ನೇ ಸೇರಿಸಿಕೊಳ್ಳಬೇಕಾಯಿತು.

ಪಠ್ಯದ ಫೀಲ್ಡ್‌ಗಳಿಗೆ ಈ ಆಪರೇಟರ್ ಸಾಕಾಗುವುದು, ಅವು ಖಾಲಿಯಿದ್ದರೂ ಬ್ರೌಸರ್ ಅವುಗಳ ಹೆಸರನ್ನು ಕಳುಹಿಸುವುದರಿಂದ. ಡಿಸೇಬಲ್ ಮಾಡಿದ ಫೀಲ್ಡ್ ಮಾತ್ರ ಇದಕ್ಕೆ ಅಪವಾದ. ಅದು ಸರ್ವರ್‌ಗೆ ತಲುಪುವುದೇ ಇಲ್ಲ. ತಿದ್ದಬಾರದು, ಆದರೂ ಮರಳಿ ಬರಬೇಕು ಎನ್ನುವ ಪಠ್ಯಕ್ಕೆ ರೀಡ್‌ಓನ್ಲಿ ಬಳಸಬೇಕು. ಆದರೆ ಬಲ್ಲವರು ಅದನ್ನೂ ತಿದ್ದಿ ಕಳುಹಿಸಬಲ್ಲರಾದ್ದರಿಂದ ವಿದ್ಯಾರ್ಥಿವೇತನದ ಮೊತ್ತ, ಅರ್ಹತೆಯ ವರ್ಗ ಮುಂತಾದವುಗಳನ್ನು ಪುಟದಿಂದ ಓದದೆ ಡೇಟಾಬೇಸ್‌ನಿಂದಲೇ ತೆಗೆದುಕೊಳ್ಳಿ. ಪುಟದಲ್ಲಿದ್ದೂ ಕಣ್ಣಿಗೆ ಕಾಣದ ಹಿಡನ್ ಫೀಲ್ಡ್‌ಗಳ ವಿಷಯದಲ್ಲೂ ಹೀಗೆಯೇ.

ಚೆಕ್‌ಬಾಕ್ಸ್‌ನ ಸ್ವಭಾವ ಬೇರೆ. ಗುರುತು ಹಾಕಿದ್ದರೆ ಮಾತ್ರ ಅದರ ಹೆಸರು ಸರ್ವರ್‌ಗೆ ಹೋಗುತ್ತದೆ, ಇಲ್ಲದಿದ್ದರೆ ಅದರ ಸುಳಿವೇ ಇರುವುದಿಲ್ಲ. ನಿಮ್ಮ ವಿದ್ಯಾರ್ಥಿ ಒಪ್ಪಿಗೆಯ ಗುರುತನ್ನು ತೆಗೆದು, ಪಿನ್‌ಕೋಡ್‌ನಲ್ಲಿ ಒಂದು ಅಂಕಿ ಬಿಟ್ಟು ಅರ್ಜಿ ಕಳುಹಿಸಿದಳು ಎಂದಿಟ್ಟುಕೊಳ್ಳಿ. ಬಂದ ಮೌಲ್ಯಗಳಲ್ಲಿ ಒಪ್ಪಿಗೆಯ ಹೆಸರು ಇರುವುದಿಲ್ಲ. 'ಮೌಲ್ಯ ಬಂದಿಲ್ಲ, ಹಾಗಾದರೆ ಡಿಫಾಲ್ಟ್ ಹಾಕೋಣ' ಎಂದು ಸ್ಕ್ರಿಪ್ಟ್ ಗುರುತು ಹಾಕಿದ ಚೌಕವನ್ನು ಬರೆಯುತ್ತದೆ. ಆಕೆ ಕೆಂಪಕ್ಷರದಲ್ಲಿ ಕಂಡ ಪಿನ್‌ಕೋಡ್ ತಿದ್ದಿ ಮತ್ತೆ ಸಲ್ಲಿಸುತ್ತಾಳೆ. ತಾನು ಒಮ್ಮೆ ನಿರಾಕರಿಸಿದ್ದನ್ನು ಮತ್ತೆ ಪರಿಶೀಲಿಸುವ ಕಾರಣ ಆಕೆಗೆ ಇರುವುದಿಲ್ಲ. ನಿಮ್ಮ ದಾಖಲೆಯಲ್ಲಿ ಅದು ಒಪ್ಪಿಗೆಯಾಗಿ ಕೂರುತ್ತದೆ.

ಪರಿಹಾರಕ್ಕೆ ಎರಡು ದಾರಿಗಳಿವೆ. ಪೋಸ್ಟ್ ವಿನಂತಿಯಾದರೆ ಹೆಸರು ಬಾರದಿರುವುದನ್ನೇ 'ಇಲ್ಲ' ಎಂಬ ಉತ್ತರವಾಗಿ ತೆಗೆದುಕೊಳ್ಳುವುದು ಮೊದಲನೆಯದು, ನಾನು ಮೆಚ್ಚುವುದೂ ಅದನ್ನೇ. ಚೆಕ್‌ಬಾಕ್ಸ್‌ಗೂ ಮೊದಲು ಅದೇ ಹೆಸರಿನ, 0 ಮೌಲ್ಯದ ಹಿಡನ್ ಫೀಲ್ಡ್ ಒಂದನ್ನು ಇಡುವುದು ಎರಡನೆಯದು. ಒಂದೇ ಹೆಸರು ಎರಡು ಸಲ ಬಂದಾಗ ಪಿಎಚ್‌ಪಿ ಕೊನೆಯದನ್ನು ಹಿಡಿಯುವುದರಿಂದ, ಗುರುತಿದ್ದರೆ ಚೆಕ್‌ಬಾಕ್ಸ್‌ನ ಮೌಲ್ಯವೂ ಇಲ್ಲದಿದ್ದರೆ ಸೊನ್ನೆಯೂ ಸಿಗುತ್ತದೆ. ಆದರೆ ಈ ಉಪಾಯ ಕ್ರಮವನ್ನು ಅವಲಂಬಿಸಿದೆ. ಪುಟದ ವಿನ್ಯಾಸ ಬದಲಿಸುವಾಗ ಯಾರಾದರೂ ಹಿಡನ್ ಫೀಲ್ಡನ್ನು ಕೆಳಗೆ ಸರಿಸಿದರೆ ಎಲ್ಲರ ಉತ್ತರವೂ 'ಇಲ್ಲ' ಆಗುತ್ತದೆ.

ತಾಂತ್ರಿಕ ತಿದ್ದುಪಡಿಯ ಆಚೆಗೂ ಇಲ್ಲೊಂದು ಮಾತಿದೆ. ಆ ಚೌಕಕ್ಕೆ ಮೊದಲೇ ಗುರುತು ಹಾಕಿಡುವುದನ್ನೇ ದಯವಿಟ್ಟು ಬಿಡಿ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಒಪ್ಪಿಗೆಯು ಮುಕ್ತವೂ ನಿರ್ದಿಷ್ಟವೂ ಆಗಿರಬೇಕು, ಸ್ಪಷ್ಟವಾದ ಸಕಾರಾತ್ಮಕ ಕ್ರಿಯೆಯಿಂದ ವ್ಯಕ್ತವಾಗಿರಬೇಕು. ಮೊದಲೇ ಗುರುತಿಟ್ಟ ಚೌಕವನ್ನು ಬದಲಿಸದೆ ಬಿಟ್ಟರೆ ಅದು ಒಪ್ಪಿಗೆಯಾಗದು ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯವೂ 2019ರ ಅಕ್ಟೋಬರ್ 1ರಂದು ಪ್ಲಾನೆಟ್49 ಪ್ರಕರಣದಲ್ಲಿ ಹೇಳಿತು. ನಿಮ್ಮದು ಸಣ್ಣ ಟ್ರಸ್ಟ್ ಇರಬಹುದು. ಆದರೆ ನೆರವು ಬೇಡಿ ಬಂದ ವಿದ್ಯಾರ್ಥಿಯ ಬಡತನದ ವಿವರಗಳು ಯಾರ ಕೈಸೇರಬೇಕು ಎಂಬುದನ್ನು ಆಕೆಯೇ ತನ್ನ ಕೈಯಾರೆ ತೀರ್ಮಾನಿಸಬೇಕು.

ಜಿಲ್ಲೆಯ ತೊಂದರೆಗೆ ಸ್ಕ್ರಿಪ್ಟ್ ಅರ್ಧ ಕಾರಣ, ಬ್ರೌಸರ್ ಇನ್ನರ್ಧ. ಡ್ರಾಪ್‌ಡೌನ್‌ನಲ್ಲಿ ಯಾವ ಆಯ್ಕೆಗೂ 'ಸೆಲೆಕ್ಟೆಡ್' ಎಂಬ ಗುರುತು ಇಲ್ಲದಿದ್ದರೆ ಬ್ರೌಸರ್ ಮೊದಲ ಆಯ್ಕೆಯನ್ನೇ ಆರಿಸಿ ತೋರಿಸುತ್ತದೆ. ಕನ್ನಡ ವರ್ಣಮಾಲೆಯ ಕ್ರಮದಲ್ಲಿ ಜಿಲ್ಲೆಗಳನ್ನು ಜೋಡಿಸಿದರೆ ಮೊದಲು ಬರುವುದು ಉಡುಪಿ. ನಿಮ್ಮ ಹಳೆಯ ದಾಖಲೆಗಳಲ್ಲಿ ಜಿಲ್ಲೆಯ ಹೆಸರು 'ಬಿಜಾಪುರ' ಎಂದೇ ಉಳಿದಿರಬೇಕು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರುಗಳು ಬದಲಾದಾಗ ಹೆಚ್ಚಿನವು ಇಂಗ್ಲಿಷ್ ಬರವಣಿಗೆಯಲ್ಲಷ್ಟೇ ಬದಲಾದವು. ಬಿಜಾಪುರ ವಿಜಯಪುರವಾದದ್ದು, ಗುಲ್ಬರ್ಗಾ ಕಲಬುರಗಿಯಾದದ್ದು ಕನ್ನಡದಲ್ಲೂ ಬದಲಾವಣೆಯೇ. ಯಾರೋ ಪಟ್ಟಿಯನ್ನು ನವೀಕರಿಸಿದ್ದಾರೆ, ಆದರೆ ದಾಖಲೆಗಳು ಹಾಗೇ ಉಳಿದಿವೆ. ದಾಖಲೆಯ 'ಬಿಜಾಪುರ'ಕ್ಕೆ ಪಟ್ಟಿಯಲ್ಲಿ ಜೋಡಿ ಸಿಗದೆ ಬ್ರೌಸರ್ ಉಡುಪಿಯನ್ನು ತೋರಿಸಿದೆ, ವಿದ್ಯಾರ್ಥಿ ಗಮನಿಸದೆ 'ಸಲ್ಲಿಸು' ಒತ್ತಿದ್ದಾರೆ. ಹಳೆಯ ದಾಖಲೆಗಳಲ್ಲಿ 'ಗುಲ್ಬರ್ಗಾ' ಎಂದಿರುವವರಿಗೂ ಇದೇ ಆಗಿರುತ್ತದೆ. ನೀವು ಹುಡುಕಿ ನೋಡಬೇಕು.

ಕಣ್ಣಿಗೆ ಒಂದೇ ಆಗಿ ಕಾಣುವ ಹೆಸರುಗಳೂ ಕಂಪ್ಯೂಟರ್‌ಗೆ ಬೇರೆಯಾಗಿರಬಹುದು ಎಂಬುದು ಕನ್ನಡದ ಫಾರ್ಮ್‌ಗಳಲ್ಲಿ ನೆನಪಿಡಬೇಕಾದ ಮಾತು. ಕೋಲಾರದ 'ಕೋ' ತೆಗೆದುಕೊಳ್ಳಿ. ಅದರ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು. ಎತ್ವ, ಊಕಾರದ ಕೊಂಬು, ದೀರ್ಘದ ಚಿಹ್ನೆ ಎಂಬ ಮೂರು ಸಂಕೇತಗಳ ಸಾಲಾಗಿಯೂ ಬರೆಯಬಹುದು. ಬೀದರದ ದೀರ್ಘ, ಮೈಸೂರಿನ ಐತ್ವಕ್ಕೂ ಇಂಥ ಎರಡು ರೂಪಗಳಿವೆ. ಪರದೆಯ ಮೇಲೆ ವ್ಯತ್ಯಾಸ ಕಾಣದು, ಆದರೆ ಅಕ್ಷರಮಾಲೆಗಳ ಹೋಲಿಕೆ ವಿಫಲವಾಗುತ್ತದೆ. ಪಿಎಚ್‌ಪಿಯ ಇಂಟ್ಲ್ ವಿಸ್ತರಣೆಯಲ್ಲಿರುವ ನಾರ್ಮಲೈಸರ್ ಇವನ್ನು ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತರುತ್ತದೆ. ಹೆಸರು, ವಿಳಾಸಗಳನ್ನು ಉಳಿಸುವ ಮೊದಲು ಅದನ್ನು ಬಳಸಿ. ಜಿಲ್ಲೆಯಂಥ ಪಟ್ಟಿಗಳಿಗೆ ಇನ್ನೂ ಗಟ್ಟಿಯಾದ ದಾರಿ, ಹೆಸರಿನ ಬದಲು ಸಂಕೇತ ಸಂಖ್ಯೆಯನ್ನು ಉಳಿಸುವುದು. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಪ್ರತಿ ಜಿಲ್ಲೆಗೂ ಸಂಕೇತವಿದೆ. ಹೆಸರು ನಾಳೆ ಮತ್ತೆ ಬದಲಾದರೂ ದಾಖಲೆ ಕೆಡುವುದಿಲ್ಲ.

ಇದರ ಜೊತೆಗೆ ಡ್ರಾಪ್‌ಡೌನ್‌ನ ಮೊದಲ ಆಯ್ಕೆಯಾಗಿ ಖಾಲಿ ಮೌಲ್ಯದ 'ಜಿಲ್ಲೆಯನ್ನು ಆರಿಸಿ' ಎಂಬುದನ್ನು ಇಟ್ಟು, ಫೀಲ್ಡ್‌ಗೆ 'ರಿಕ್ವೈರ್ಡ್' ಸೇರಿಸಿ. ಆಯ್ಕೆ ಮಾಡದಿದ್ದರೆ ಬ್ರೌಸರೇ ತಡೆಯುತ್ತದೆ. ದಾಖಲೆಯ ಮೌಲ್ಯ ಪಟ್ಟಿಯಲ್ಲಿ ಇಲ್ಲದಿದ್ದರೆ ಸ್ಕ್ರಿಪ್ಟ್ ಸುಮ್ಮನಿರದೆ, 'ಹಿಂದೆ ದಾಖಲಾದದ್ದು: ಬಿಜಾಪುರ. ದಯವಿಟ್ಟು ಮತ್ತೆ ಆರಿಸಿ' ಎಂದು ತೋರಿಸಲಿ. ಕೆಲವು ಬದಲಾವಣೆಗಳನ್ನು ಸ್ಕ್ರಿಪ್ಟ್ ತಾನಾಗಿ ನಿರ್ಧರಿಸಲಾರದು. 2021ರಲ್ಲಿ ವಿಜಯನಗರ ರಾಜ್ಯದ 31ನೇ ಜಿಲ್ಲೆಯಾದಾಗ ಹೊಸಪೇಟೆಯವರ ಜಿಲ್ಲೆ ಬದಲಾಯಿತು, ಬಳ್ಳಾರಿ ನಗರದವರದು ಬದಲಾಗಲಿಲ್ಲ. ಹಳೆಯ ದಾಖಲೆಯಲ್ಲಿ ಇಬ್ಬರೂ 'ಬಳ್ಳಾರಿ'ಯವರೇ. ಅಲ್ಲಿ ವಿದ್ಯಾರ್ಥಿಯನ್ನು ಕೇಳಲೇಬೇಕು.

ಮಾಯವಾಗುವ ವಿಳಾಸದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಂಗ್ಲಿಷ್‌ನಲ್ಲಷ್ಟೇ ಪರೀಕ್ಷಿಸುವವರಿಗೆ ಇದು ಕಾಣಿಸುವುದೇ ಇಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಪದ್ಧತಿಯಾದ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್‌ಗಳು ಬೇಕು. 'ಶ್ರೀ' ಎಂಬ ಒಂದು ಅಕ್ಷರದಲ್ಲಿ 4 ಸಂಕೇತಗಳಿದ್ದು ಒಟ್ಟು 12 ಬೈಟ್‌ಗಳಾಗುತ್ತವೆ. ನಿಮ್ಮ ಸ್ಕ್ರಿಪ್ಟ್ ವಿಳಾಸವನ್ನು 200ರ ಮಿತಿಗೆ ತರಲು 'ಸಬ್‌ಸ್ಟರ್' ಫಂಕ್ಷನ್ ಬಳಸುತ್ತಿದ್ದರೆ ಅದು ಎಣಿಸುವುದು ಬೈಟ್‌ಗಳನ್ನು, ಅಕ್ಷರಗಳನ್ನಲ್ಲ. ಕತ್ತರಿ ಒಂದು ಸಂಕೇತದ ನಡುವೆ ಬಿದ್ದರೆ ಕೊನೆಯಲ್ಲಿ ಮುರಿದ ಬೈಟ್ ಉಳಿಯುತ್ತದೆ. ಆ ಪಠ್ಯವನ್ನು ಪುಟದಲ್ಲಿ ಬರೆಯುವ ಮುನ್ನ ಸುರಕ್ಷಿತಗೊಳಿಸುವ 'ಎಚ್‌ಟಿಎಂಎಲ್ ಸ್ಪೆಷಲ್ ಚಾರ್ಸ್' ಫಂಕ್ಷನ್, ಪಿಎಚ್‌ಪಿ 8.1ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ, ಇಂಥ ಮುರಿದ ಬೈಟ್ ಕಂಡೊಡನೆ ಇಡೀ ಪಠ್ಯದ ಬದಲಿಗೆ ಖಾಲಿ ಅಕ್ಷರಮಾಲೆಯನ್ನು ಕೊಡುತ್ತದೆ. ಒಂದು ಬೈಟ್‌ನ ದೋಷಕ್ಕೆ ಇಡೀ ವಿಳಾಸ ಹೋಗುವುದು ಹೀಗೆ. 'ಕೆಲವೊಮ್ಮೆ' ಎಂದು ನೀವು ಬರೆದಿರುವುದೂ ಇದಕ್ಕೆ ಹೊಂದುತ್ತದೆ: ಕತ್ತರಿ ಸಂಕೇತದ ಅಂಚಿಗೇ ಸರಿಯಾಗಿ ಬಿದ್ದ ವಿಳಾಸಗಳು ಪಾರಾಗುತ್ತವೆ. 'ಎಂಬಿ ಸಬ್‌ಸ್ಟರ್' ಬಳಸಿದರೆ ಬೈಟ್ ಮುರಿಯುವುದಿಲ್ಲ. ಆದರೂ ಮೌನವಾಗಿ ಕತ್ತರಿಸುವುದಕ್ಕಿಂತ 'ವಿಳಾಸ ಉದ್ದವಾಯಿತು' ಎಂದು ಹೇಳಿ, ಬರೆದಷ್ಟನ್ನೂ ಮರಳಿಸುವುದೇ ಮೇಲು.

ವಿಳಾಸದ ಟೆಕ್ಸ್ಟ್‌ಏರಿಯಾಗೆ ಸಂಬಂಧಿಸಿದ ಇನ್ನೊಂದು ಸೂಕ್ಷ್ಮವಿದೆ. ಅದಕ್ಕೆ 'ವ್ಯಾಲ್ಯೂ' ಎಂಬ ಗುಣವಿಲ್ಲ; ತೆರೆಯುವ, ಮುಚ್ಚುವ ಟ್ಯಾಗ್‌ಗಳ ನಡುವೆ ಇರುವುದೆಲ್ಲ ಅದರ ಮೌಲ್ಯ. ಕೋಡ್ ಅಂದವಾಗಿರಲೆಂದು ನಡುವೆ ಬಿಟ್ಟ ಜಾಗಗಳೂ ವಿಳಾಸದ ಭಾಗವಾಗಿ, ಅರ್ಜಿ ಮರಳಿದಂತೆಲ್ಲ ಬೆಳೆಯುತ್ತಾ ಹೋಗುತ್ತವೆ. ಟ್ಯಾಗ್‌ಗಳಿಗೆ ತಾಗಿಸಿಯೇ ಮೌಲ್ಯವನ್ನು ಬರೆಯಿರಿ.

ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತೆಂದರೆ, ಬಳಕೆದಾರರು ಬರೆದದ್ದನ್ನು ಹಾಗೆಹಾಗೇ ಪುಟಕ್ಕೆ ಮರಳಿ ಬರೆಯುವುದು ಅಪಾಯ. ಮಂಗಳೂರಿನ ಕಡೆಯ ವಿದ್ಯಾರ್ಥಿಯೊಬ್ಬರು ಹೆಸರಿನಲ್ಲಿ ಡಿ'ಸೋಜಾ ಎಂದು ಬರೆದರೆ, ಮತ್ತು ನಿಮ್ಮ 'ವ್ಯಾಲ್ಯೂ' ಗುಣವನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಇಟ್ಟಿದ್ದರೆ, ಮರಳಿ ಬಂದ ಫೀಲ್ಡ್‌ನಲ್ಲಿ 'ಡಿ' ಮಾತ್ರ ಉಳಿಯುತ್ತದೆ. ದುರುದ್ದೇಶದವರು ಇದೇ ಬಿರುಕಿನಿಂದ ತಮ್ಮ ಸ್ಕ್ರಿಪ್ಟನ್ನು ಪುಟದೊಳಗೆ ತೂರಿಸಿ, ಲಾಗಿನ್ ಆಗಿರುವ ಬೇರೆಯವರ ಬ್ರೌಸರ್‌ನಲ್ಲಿ ಅದು ಓಡುವಂತೆ ಮಾಡಬಲ್ಲರು. ಪ್ರತಿ ಮೌಲ್ಯವೂ ಮೇಲೆ ಹೇಳಿದ 'ಎಚ್‌ಟಿಎಂಎಲ್ ಸ್ಪೆಷಲ್ ಚಾರ್ಸ್' ಫಂಕ್ಷನ್ ಮೂಲಕವೇ ಪುಟಕ್ಕೆ ಹೋಗಬೇಕು. ನಿಮ್ಮ 7.4ರಲ್ಲಿ ಅದು ಒಂಟಿ ಉದ್ಧರಣ ಚಿಹ್ನೆಯನ್ನು ತಾನಾಗಿ ಪರಿವರ್ತಿಸದು. 'ಎಂಟ್ ಕೋಟ್ಸ್' ಎಂಬ ಆಯ್ಕೆಯನ್ನು ನೀವೇ ಕೊಡಬೇಕು. 8.1ರಿಂದ ಅದೇ ಡಿಫಾಲ್ಟ್ ಆಗಿದೆ. ಈ ಪರಿವರ್ತನೆ ಪುಟಕ್ಕೆ ಬರೆಯುವಾಗ ಮಾತ್ರ ಇರಲಿ. ಡೇಟಾಬೇಸ್‌ಗೆ ಹಾಕುವಾಗಲೂ ಮಾಡಿದರೆ ಪ್ರತಿ ನವೀಕರಣದಲ್ಲಿ ಒಂದು ಪದರ ಹೆಚ್ಚಾಗುತ್ತಾ ಹೋಗುತ್ತದೆ. ಅಂದಹಾಗೆ, 7.4ಕ್ಕೆ ಸುರಕ್ಷಾ ತಿದ್ದುಪಡಿಗಳು 2022ರ ನವೆಂಬರ್‌ನಲ್ಲೇ ನಿಂತಿವೆ. ವೈಯಕ್ತಿಕ ವಿವರಗಳನ್ನು ಪಡೆಯುವ ಅರ್ಜಿಯನ್ನು ಅದರ ಮೇಲೆ ನಡೆಸುವುದನ್ನು ನಾನು ಒಪ್ಪಲಾರೆ.

ರೀಸೆಟ್ ಗುಂಡಿ ಕೆಟ್ಟಿಲ್ಲ. ಅದರ ಕೆಲಸ ಖಾಲಿ ಮಾಡುವುದಲ್ಲ, ಸರ್ವರ್ ಕಳುಹಿಸಿದ ಸ್ಥಿತಿಗೆ ಮರಳಿಸುವುದು. ಬ್ರೌಸರ್ ಪ್ರತಿ ಪಠ್ಯ ಫೀಲ್ಡ್‌ಗೂ ಎರಡು ಮೌಲ್ಯಗಳನ್ನು ಇಟ್ಟುಕೊಂಡಿರುತ್ತದೆ: ಪುಟದ ಜೊತೆ ಬಂದ ಡಿಫಾಲ್ಟ್ ಒಂದು, ಬಳಕೆದಾರರು ಬರೆಯುತ್ತಾ ಹೋದಂತೆ ಬದಲಾಗುವ ಈಗಿನ ಮೌಲ್ಯ ಇನ್ನೊಂದು. ತಪ್ಪಿನೊಂದಿಗೆ ಮರಳಿದ ಪುಟದಲ್ಲಿ ವಿದ್ಯಾರ್ಥಿಯ ಉತ್ತರಗಳನ್ನೇ ನೀವು ಡಿಫಾಲ್ಟ್ ಆಗಿ ಬರೆದಿರುತ್ತೀರಿ; ರೀಸೆಟ್ ಅಲ್ಲಿಗೇ ಮರಳುತ್ತದೆ. ಪರ್ಲ್‌ನ ಆ ಹಳೆಯ ಮಾಡ್ಯೂಲ್‌ನಲ್ಲಿ ಇದಕ್ಕೆಂದೇ 'ಡಿಫಾಲ್ಟ್ಸ್' ಎಂಬ ಬೇರೆ ಗುಂಡಿಯಿತ್ತು. ನೀವು ಗುಂಡಿಯನ್ನೇ ತೆಗೆದು, 'ಹೊಸದಾಗಿ ಆರಂಭಿಸಿ' ಎಂಬ ಕೊಂಡಿಯನ್ನು ಖಾಲಿ ಅರ್ಜಿಯ ವಿಳಾಸಕ್ಕೆ ಕೊಡಿ. ಉದ್ದನೆಯ ಅರ್ಜಿಯ ಕೊನೆಯಲ್ಲಿ 'ಸಲ್ಲಿಸು' ಪಕ್ಕದಲ್ಲೇ ರೀಸೆಟ್ ಇದ್ದರೆ ಕೈತಪ್ಪಿ ಒತ್ತಿದವರ ಶ್ರಮವೆಲ್ಲ ವ್ಯರ್ಥ.

ನಿಮ್ಮ ಸಹೋದ್ಯೋಗಿಯ ಮಾತಿನಲ್ಲಿ ಸತ್ಯದ ಒಂದು ಎಳೆಯಿದೆ. ಫೈರ್‌ಫಾಕ್ಸ್‌ನಲ್ಲಿ ಪುಟವನ್ನು ಸಾಧಾರಣವಾಗಿ ರೀಲೋಡ್ ಮಾಡಿದರೆ, ಸರ್ವರ್ ಹೊಸ ಮೌಲ್ಯ ಕಳುಹಿಸಿದ್ದರೂ, ಅದು ಹಿಂದೆ ತುಂಬಿದ್ದ ಮೌಲ್ಯಗಳನ್ನೂ ಚೆಕ್‌ಬಾಕ್ಸ್ ಗುರುತುಗಳನ್ನೂ ಮರಳಿ ತರುತ್ತದೆ. 'ಹಿಂದೆ' ಗುಂಡಿ ಒತ್ತಿದಾಗ ಬೇರೆ ಬ್ರೌಸರ್‌ಗಳೂ ಹೀಗೆ ಮಾಡುತ್ತವೆ. ನೀವು ಸ್ಕ್ರಿಪ್ಟ್ ತಿದ್ದಿ ಪರೀಕ್ಷಿಸುವಾಗ ಇದು ದಾರಿ ತಪ್ಪಿಸಬಹುದು. ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ಸರ್ವರ್ ಕಳುಹಿಸಿದ ಉತ್ತರವನ್ನೇ ತೆರೆದು ನೋಡಿ. ಅಲ್ಲಿರುವುದು ನಿಮ್ಮ ಸ್ಕ್ರಿಪ್ಟ್‌ನ ಹೊಣೆ. ಪರದೆಯಲ್ಲಿ ಬೇರೆ ಕಂಡರೆ ಅದು ಬ್ರೌಸರ್‌ನ ನೆನಪು. ಅಗತ್ಯವಿದ್ದ ಫೀಲ್ಡ್‌ಗೆ 'ಆಟೊಕಂಪ್ಲೀಟ್' ಗುಣವನ್ನು 'ಆಫ್' ಮಾಡಿದರೆ ಫೈರ್‌ಫಾಕ್ಸ್ ಹೀಗೆ ಮಾಡುವುದನ್ನು ಬಿಡುತ್ತದೆ.

ಇನ್ನು ಸೆಷನ್ ಮತ್ತು ಲೋಕಲ್ ಸ್ಟೋರೇಜ್. ಒಂದೇ ಪುಟದ ಅರ್ಜಿಗೆ ಎರಡೂ ಬೇಡ. ಪೋಸ್ಟ್ ವಿನಂತಿಯಲ್ಲೇ ಎಲ್ಲ ಉತ್ತರಗಳು ಇರುತ್ತವೆ, ಅದಕ್ಕೇ ಉತ್ತರವಾಗಿ ಪುಟವನ್ನು ಮರಳಿ ಬರೆದರಾಯಿತು. ಅರ್ಜಿ ಯಶಸ್ವಿಯಾದ ಮೇಲೆ ಮಾತ್ರ 303 ಎಂಬ ಸ್ಥಿತಿಸಂಕೇತದೊಂದಿಗೆ ಬೇರೆ ಪುಟಕ್ಕೆ ಕಳುಹಿಸಿ, ಆಗ ರೀಲೋಡ್ ಮಾಡಿದರೂ ಅರ್ಜಿ ಎರಡು ಸಲ ಸೇರುವುದಿಲ್ಲ. ಹಲವು ಪುಟಗಳ ಅರ್ಜಿಗೆ ಸೆಷನ್ ಒಳ್ಳೆಯದೇ, ಆದರೆ ಪಿಎಚ್‌ಪಿಯ ಡಿಫಾಲ್ಟ್ ಪ್ರಕಾರ 1440 ಸೆಕೆಂಡು, ಅಂದರೆ 24 ನಿಮಿಷ ಮುಟ್ಟದೆ ಬಿಟ್ಟ ಸೆಷನ್ ಅಳಿಸಿಹೋಗಬಹುದು. ಆದಾಯ ಪ್ರಮಾಣಪತ್ರದ ಸಂಖ್ಯೆ ಹುಡುಕಲು ಎದ್ದುಹೋದ ವಿದ್ಯಾರ್ಥಿಗೆ ಆ ಸಮಯ ಸಾಲದಿರಬಹುದು. ಒಂದೇ ಬ್ರೌಸರ್‌ನ ಎರಡು ಟ್ಯಾಬ್‌ಗಳಲ್ಲಿ ಅಕ್ಕ–ತಂಗಿಯರ ಅರ್ಜಿಗಳನ್ನು ತೆರೆದರೆ ಸೆಷನ್ ಒಂದೇ ಆದ್ದರಿಂದ ಒಬ್ಬರ ಅಂಕಗಳು ಇನ್ನೊಬ್ಬರ ಅರ್ಜಿಗೆ ಸೇರುತ್ತವೆ; ಪ್ರತಿ ಅರ್ಜಿಗೂ ಬೇರೆ ಯಾದೃಚ್ಛಿಕ ಸಂಖ್ಯೆ ಕೊಟ್ಟು ಅದರ ಕೆಳಗೆ ಮೌಲ್ಯಗಳನ್ನು ಇಡಬೇಕು.

ಲೋಕಲ್ ಸ್ಟೋರೇಜನ್ನು ನಿಮ್ಮ ಅರ್ಜಿಗೆ ಬಳಸಲೇಬೇಡಿ ಎಂದು ಗಟ್ಟಿಯಾಗಿ ಹೇಳುತ್ತೇನೆ. ನಮ್ಮಲ್ಲಿ ಎಷ್ಟೋ ವಿದ್ಯಾರ್ಥಿಗಳು ಇಂಥ ಅರ್ಜಿ ತುಂಬುವುದು ಸೈಬರ್ ಸೆಂಟರ್‌ನಲ್ಲೋ ಕಾಲೇಜಿನ ಲ್ಯಾಬ್‌ನಲ್ಲೋ. ಲೋಕಲ್ ಸ್ಟೋರೇಜ್‌ಗೆ ಅವಧಿಯ ಮಿತಿಯಿಲ್ಲ; ಯಾರೂ ಅಳಿಸದಿದ್ದರೆ ಮುಂದಿನವರು ಅದೇ ಅರ್ಜಿ ತೆರೆದಾಗ ಹಿಂದಿನವರ ಆದಾಯ, ಜಾತಿ, ಬ್ಯಾಂಕ್ ಖಾತೆ ಕಣ್ಣಿಗೆ ಬೀಳುತ್ತವೆ. ವಿದ್ಯುತ್ ಹೋದರೂ ಕರಡು ಉಳಿಯಲಿ ಎಂಬ ಉದ್ದೇಶವಿದ್ದರೆ, ಕರಡನ್ನು ವಿದ್ಯಾರ್ಥಿಯ ಲಾಗಿನ್‌ನ ಹಿಂದೆ ಸರ್ವರ್‌ನಲ್ಲಿ ಉಳಿಸಿ. ಪಾಸ್‌ವರ್ಡ್, ಒಟಿಪಿಗಳನ್ನು ಮಾತ್ರ ಯಾವ ಸಂದರ್ಭದಲ್ಲೂ ಪುಟಕ್ಕೆ ಮರಳಿ ಬರೆಯಬಾರದು. ಅಪ್‌ಲೋಡ್ ಮಾಡಿದ ಕಡತದ ಫೀಲ್ಡನ್ನು ಮರಳಿ ತುಂಬಲು ಬ್ರೌಸರ್ ಬಿಡುವುದಿಲ್ಲ. ಬಂದ ಕಡತವನ್ನು ಸರ್ವರ್‌ನಲ್ಲಿ ತಾತ್ಕಾಲಿಕವಾಗಿ ಇಟ್ಟುಕೊಂಡು 'ಅಂಕಪಟ್ಟಿ ತಲುಪಿದೆ' ಎಂದು ತಿಳಿಸಿ.

ನಿಮ್ಮ ಜಾಗದಲ್ಲಿದ್ದರೆ ನಾನು ಇಂದೇ ಒಪ್ಪಿಗೆಯ ಡಿಫಾಲ್ಟನ್ನು ತೆಗೆದು, ಜಿಲ್ಲೆಯ ಮೊದಲ ಆಯ್ಕೆಯನ್ನು ಖಾಲಿ ಮಾಡುತ್ತಿದ್ದೆ. ಒಡಹುಟ್ಟಿದವರ ಸಂಖ್ಯೆಗೂ ಡಿಫಾಲ್ಟ್ ಬೇಕಿಲ್ಲ. ಅರ್ಜಿಯ ದಿನಾಂಕದಂತೆ, ತಪ್ಪಿದರೂ ಯಾರಿಗೂ ನಷ್ಟವಾಗದ ಕಡೆ ಮಾತ್ರ ಡಿಫಾಲ್ಟ್ ಇರಲಿ. ಆಮೇಲೆ ಪ್ರತಿ ಫೀಲ್ಡ್‌ನ ಮೌಲ್ಯವೂ ಒಂದೇ ಫಂಕ್ಷನ್‌ನಿಂದ ಬರುವಂತೆ ಸ್ಕ್ರಿಪ್ಟನ್ನು ಕೂಡಿಸಿ: ಪೋಸ್ಟ್ ಆದರೆ ಸಲ್ಲಿಸಿದ್ದು, ಇಲ್ಲವೆಂದರೆ ದಾಖಲೆ, ಅದೂ ಇಲ್ಲದಿದ್ದರೆ ಡಿಫಾಲ್ಟ್.

ಈಗಾಗಲೇ ಕೆಟ್ಟಿರುವ ದಾಖಲೆಗಳನ್ನು ಪಿನ್‌ಕೋಡ್‌ನಿಂದ ಪತ್ತೆಹಚ್ಚಬಹುದು. ವಿಜಯಪುರದ ಪಿನ್‌ಕೋಡ್‌ಗಳು 586ರಿಂದಲೂ ಕಲಬುರಗಿಯವು 585ರಿಂದಲೂ ಆರಂಭವಾಗುತ್ತವೆ, ಉಡುಪಿ ನಗರದ್ದು 576ರಿಂದ. ಜಿಲ್ಲೆ ಉಡುಪಿ ಎಂದಿದ್ದು ಪಿನ್‌ಕೋಡ್ 585 ಅಥವಾ 586ರಿಂದ ಆರಂಭವಾಗುವ ದಾಖಲೆಗಳನ್ನು ತೆಗೆಯಿರಿ. 585 ಬೀದರ್, ಯಾದಗಿರಿಗಳಿಗೂ ಸೇರುವುದರಿಂದ ಸ್ಕ್ರಿಪ್ಟ್‌ನಿಂದ ಒಟ್ಟಿಗೆ ತಿದ್ದದೆ, ಆ ವಿದ್ಯಾರ್ಥಿಗಳನ್ನು ಕೇಳಿ ತಿದ್ದಿ. ಒಡಹುಟ್ಟಿದವರ ಸಂಖ್ಯೆ 1 ಎಂದಿರುವವರಲ್ಲಿ ಯಾರದು ನಿಜ, ಯಾರದು ಡಿಫಾಲ್ಟ್ ಎಂದು ದಾಖಲೆಯಿಂದ ತಿಳಿಯುವ ದಾರಿಯಿಲ್ಲ. ಮುಂದಿನ ನವೀಕರಣದಲ್ಲಿ ಅದನ್ನು ಖಾಲಿ ಬಿಟ್ಟು ಮತ್ತೆ ಕೇಳಿ. ಒಪ್ಪಿಗೆಯ ವಿಷಯದಲ್ಲಿ ಮಾತ್ರ ಕಾಯಬೇಡಿ. ಆ ಚೌಕಕ್ಕೆ ಮೊದಲೇ ಗುರುತು ಹಾಕಿದ್ದ ಅವಧಿಯಲ್ಲಿ ಬಂದ ಎಲ್ಲ ಅರ್ಜಿಗಳ ಒಪ್ಪಿಗೆಯನ್ನು 'ಇಲ್ಲ' ಎಂದು ಬದಲಿಸಿ, ದಾನಿಗಳಿಗೆ ವಿವರ ಕಳುಹಿಸುವುದನ್ನು ನಿಲ್ಲಿಸಿ, ಹೊಸದಾಗಿ ಒಪ್ಪಿಗೆ ಕೇಳಿ ವಿದ್ಯಾರ್ಥಿಗಳಿಗೆ ಪತ್ರ ಬರೆಯಿರಿ.